ಹಾಲು ಬಾರದ ಕೆತ್ತೆ

...ಅಯ್ಯೋ, ಆ ಸ್ಟೂಲಿಗೆ ಬೇಡ, ಅದರ ಒಂದು ಕಾಲು ಅಲ್ಲಾಡ್ತದೆ. ಕುರ್ಚಿಗೆ ಬಾ. ಕುರ್ಚಿಗೆ ಮಾರಾಯ! ಎಂತ, ನಾಚಿಕೆಯಾ? ಈಗ ಜಾತಿಗೀತಿ ಎಲ್ಲ ಯಾರೂ ನೋಡುದಿಲ್ಲ, ಅರವತ್ತನಾಲ್ಕನೇ ಇಸವಿ ಇದು. ಹಾ... ಹಾಗೆ. ಕೂತುಕೊ.

ಅಚ್ಚುತ ಅಂತ ನನಗೆ ಗೊತ್ತೇ ಆಗ್ಲಿಲ್ಲ ನೋಡು. ಆ ಗಡ್ಡ ಎಂತದು, ಆ ಕಂಬಳಿ ಎಂತದು! ಯಾರೋ ಘಟ್ಟದ ಮೇಲಿನವ, ಚಳಿ ಹಿಡಿದ ಮಗಳನ್ನು ಸುಬ್ರಹ್ಮಣ್ಯದ ಬಸ್ಸಿಂದ ಇಳಿಸಿಕೊಂಡು ಮದ್ದಿಗೆ ಬಂದ ಅಂತಲೇ ನಾನು ಮಾಡಿದ್ದು. ಹುಡುಗಿಯ ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ಎಷ್ಟು ದಿನ ಆಯ್ತು ಜ್ವರ ಬಂದು ಅಂತ ಕೇಳಿ ತಲೆ ಎತ್ತುತ್ತೇನೆ... ನೀನು! ಹನ್ನೊಂದು ವರ್ಷ!

ಹಾಗಾದ್ರೆ ಜಗಲಿಯಲ್ಲಿ ಮಲಗಿದ್ದು ನಿನ್ನ ಸೀತುವಾ? ಸೀತುವೇ? ನೀವು ಊರು ಬಿಟ್ಟು ಹೋಗುವಾಗ ನಿನ್ನ ಹೆಗಲ ಮೇಲೆ ಕೂತಿತ್ತಲ್ಲ, ಮೂಗು ಸುರಿಸಿಕೊಂಡು... ಅಂತೂ ದೊಡ್ಡವಳಾದಳು. ಹೆದರಬೇಡ. ಇದು ಚಳಿಜ್ವರವೇ, ಬೇರೆ ಎಂತದೂ ಅಲ್ಲ. ನಡುಗುದು, ಆಮೇಲೆ ಕಾವು, ಆಮೇಲೆ ಬೆವರು. ಘಟ್ಟದ ತೋಟದಲ್ಲಿ ಹಿಡಿದದ್ದಿರಬೇಕು. ನಮ್ಮ ಕಡಬದಲ್ಲಿ ಈಗ ಇದು ಇಲ್ಲವೇ ಇಲ್ಲ, ಸರ್ಕಾರದವರು ಮನೆ ಮನೆಯ ಗೋಡೆಗೆ ಮದ್ದು ಹೊಡೆದು ಹೋಗಿದ್ದಾರೆ. ತಡ ಮಾಡ್ಲಿಕ್ಕೆ ಮಾತ್ರ ಆಗ್ಲಿಕ್ಕಿಲ್ಲ. ಇವತ್ತೇ ಶುರು ಮಾಡಬೇಕು, ಈಗಲೇ. ತುಂಬ ಸೋತಿದ್ದಾಳೆ, ಇನ್ನೊಂದು ಸಲ ನಡುಕ ಬಂದ್ರೆ ತಡೆದುಕೊಳ್ಳುದು ಕಷ್ಟ.

ಇದಾ, ಕ್ಲೋರೋಕ್ವಿನ್. ಹತ್ತು ಮಾತ್ರೆ ಲೆಕ್ಕ. ನಾಲ್ಕು ಈಗ, ಒಟ್ಟಿಗೆ. ಸಂಜೆಗೆ ಎರಡು, ನಾಳೆ ಎರಡು, ನಾಡಿದ್ದು ಎರಡು. ಖಾಲಿ ಹೊಟ್ಟೆಗೆ ಬೇಡ, ಸ್ವಲ್ಪ ಗಂಜಿತಿಳಿ ಕುಡಿಸು, ನಾನು ಒಳಗಿಂದ ತರಿಸ್ತೇನೆ. ತಗೋ.

ತಗೋ ಮಾರಾಯ.

ಯಾಕೆ ಕೈ ನೀಡುದಿಲ್ಲ?

...ಸರಿ. ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಕಾಗದದಲ್ಲಿ ಕಟ್ಟಿದ್ದೇನೆ ನೋಡು. ಇದು ನಾನು ಅರೆದು ಮಾಡಿದ್ದಲ್ಲ. ಕಂಪೆನಿಯಿಂದ ಡಬ್ಬಿಯಲ್ಲಿ ಬರುದು, ಮೊಹರು ಒಡೆದದ್ದು ಈಗ, ನಿನ್ನ ಕಣ್ಣೆದುರೇ. ಈಗ ಮಿಕ್ಸ್ಚರು ಮಾಡುವ ಕಾಲವೆಲ್ಲ ಹೋಯ್ತು. ಜನ ನನ್ನನ್ನು ಡಾಕ್ಟ್ರು ಅಂತ ಕರೀತಾರೆ, ತ್ಯಾಂಪಣ್ಣ ಡಾಕ್ಟ್ರು! ಬೇಡ, ನಾನು ಕಂಪೌಂಡರೇ ಅಂದ್ರೂ ಕೇಳುದಿಲ್ಲ. ನಗು ಬರ್ತದಾ? ...ಇಲ್ವಾ.

ನೀನು ಎಂತಕ್ಕೆ ಹೀಗೆ ಕೂತದ್ದು ಅಂತ ನನಗೆ ಗೊತ್ತುಂಟು. ಹೈದರ್ ಸತ್ತ ವಿಷಯ. ಅಲ್ವಾ? ಬೈಲಿಕ್ಕೆ ಉಂಟಾದ್ರೆ ಬೈ. ಆದ್ರೆ ಮೊದಲು ಆ ಹೆಣ್ಣಿಗೆ ಮಾತ್ರೆ ನುಂಗಿಸು, ಮತ್ತೆ ಬೈ.

ನಾನು ಯಾವತ್ತಾದ್ರೂ ನಿನ್ನ ಮೇಲೆ ಕೋಪ ಇಟ್ಟುಕೊಂಡವನಾ? ಹೇಳು. ಕೈತಪ್ಪು ಯಾರಿಗೂ ಆಗ್ತದೆ. ಪಾಲೆ ಮರ, ಕಾಸರ್ಕದ ಮರ... ಎರಡೂ ಅಕ್ಕಪಕ್ಕ. ತೊಗಟೆ ಕೆತ್ತಿದ್ರೆ ಒಂದರ ಕೆತ್ತೆ ಮದ್ದು, ಒಂದರ ಕೆತ್ತೆ ವಿಷ. ಬೆಳಕು ಹರಿಯುವ ಮೊದಲು, ದೀಪ ಇಲ್ಲದೆ, ಕಬ್ಬಿಣ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತೆಗೆಯಬೇಕು ಅಂತ ಹಿರಿಯರು ಮಾಡಿಟ್ಟಿದ್ದಾರೆ. ಒಂದು ಚೂರು ತಪ್ಪಿ ಬಂದ್ರೆ ನೀನಾದ್ರೂ ಎಂತ ಮಾಡುದು? ನಾನು ಪಟೇಲ್ರ ಹತ್ತಿರ ಹಾಗೇ ಹೇಳಿದ್ದು. "ಅಚ್ಚುತ ಬೇಕೂಂತ ಮಾಡಿದವ ಅಲ್ಲ, ಪೊಲೀಸಿಗೆ ಕೊಡುದು ಬೇಡ" ಅಂತ ಕೈ ಮುಗಿದೆ. ನಾನು ಅಷ್ಟು ಹೇಳದಿದ್ರೆ ನಿನ್ನನ್ನು ಪುತ್ತೂರಿನ ಠಾಣೆಗೆ ಎಳೆದುಕೊಂಡು ಹೋಗ್ತಿದ್ರು. ನಿನಗೆ ಯಾರಾದ್ರೂ ಇದನ್ನು ಹೇಳಿದ್ದಾರಾ? ಯಾರು ಹೇಳ್ತಾರೆ!

ಹಾಗೆ ನೋಡಬೇಡ ಮಾರಾಯ.

ಆಯ್ತು. ಕೇಳು. ಆ ವರ್ಷ ಈ ಅಂಗಡಿಯ ಒಳಗೆ ಎಂತ ಆಗ್ತಿತ್ತು ಅಂತ ಹೊರಗಿನವರಿಗೆ ಗೊತ್ತಿಲ್ಲ. ಐವತ್ತಮೂರು. ಜೂನಿನಲ್ಲೇ ಕ್ವಿನೈನ್ ಮುಗೀಲಿಕ್ಕೆ ಬಂತು. ಮಂಗಳೂರಿನ ಏಜೆಂಟಿಗೆ ಕಾಗದ ಬರೆದೆ. ಮದ್ರಾಸಿನಿಂದಲೇ ಮಾಲು ಇಲ್ಲ ಅಂತ ಉತ್ತರ. ಇನ್ನೊಂದು ಬರೆದೆ, ಉತ್ತರವೇ ಇಲ್ಲ. ಪೋಸ್ಟಾಫೀಸಿನಲ್ಲಿ ಸರ್ಕಾರದ ಪೊಟ್ಟಣ ಸಿಗ್ತಿತ್ತಲ್ಲ, ಅದೂ ನಿಂತಿತು. ಬಸ್ಸು ಆಲಂಕಾರಿನವರೆಗೆ ಮಾತ್ರ. ಅಲ್ಲಿಂದ ಇಲ್ಲಿಗೆ ಹೈದರ್ ತಲೆಯ ಮೇಲೆ ಹೊತ್ತು ತರಬೇಕು, ಸಕ್ಕರೆಯಾದ್ರೂ ಅವನೇ, ಮದ್ದಾದ್ರೂ ಅವನೇ. ಬರ್ತಿದ್ದ, ಪೆಟ್ಟಿಗೆ ಇಳಿಸ್ತಿದ್ದ. ನಾನು ಹಲ್ಲಿಯ ಹಾಗೆ ಹಾರಿ ಮುಚ್ಚಳ ತೆಗೆದ್ರೆ... ಹತ್ತಿ, ಟಿಂಚರು, ಹರಳೆಣ್ಣೆ! ಕ್ವಿನೈನ್ ಇಲ್ಲ. "ತ್ಯಾಂಪಣ್ಣಣ್ಣ, ನಾಳೆ ಬರ್ತದೆ ಬಿಡಿ" ಅಂತಿದ್ದ. ಒಳ್ಳೆ ಮನುಷ್ಯ. ಆ ನಾಳೆ ಬರಲೇ ಇಲ್ಲ.

ಇಲ್ಲಿ ಜಗಲಿ ತುಂಬ ಜನ. ನಿನಗೆ ನೆನಪುಂಟಲ್ಲ? ಬಾಟ್ಲಿ ಹಿಡಿದುಕೊಂಡು ಸಾಲಾಗಿ ಕೂತಿರ್ತಿದ್ರು. ಹಲ್ಲು ಕಟಕಟ ಅನ್ನುವ ಸದ್ದು ಒಳಗೆ ಕೇಳ್ತಿತ್ತು. ಮದ್ದಿಲ್ಲ ಅಂತ ಹೇಳುದು ಹೇಗೆ? ಹೇಳು ನೋಡುವ! ಒಬ್ಬ ಅಜ್ಜನಿಗೆ ಹೇಳಿ ನೋಡಿದೆ. ಅವ ಎಂತ ಮಾಡಿದ ಗೊತ್ತುಂಟಾ, ಕಾಲು ಹಿಡಿದ. ನಾನು ಮದ್ದು ಅಡಗಿಸಿ ಇಟ್ಟಿದ್ದೇನೆ ಅಂತ ಅವ ಮಾಡಿದ್ದು. ಇನ್ನೊಬ್ಬಳು ಕೂಸನ್ನು ಎತ್ತಿಕೊಂಡು ಪುತ್ತೂರಿಗೆ ನಡೆದೇ ಹೊರಟಳು. ಕೂಸು ಅರ್ಧ ದಾರಿಯಲ್ಲಿ... ಬೇಡ ಬಿಡು. ಆಮೇಲೆ ನಾನು ಇಲ್ಲ ಅನ್ನುದನ್ನೇ ನಿಲ್ಲಿಸಿದೆ.

ಪಾಲೆಯ ಕಷಾಯ. ಅಷ್ಟೇ. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿದು ಬಂದದ್ದು. ಕೆತ್ತೆ ಗುದ್ದಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ... ಅದೇ. ಬಿಳಿಯರು ಕೂಡ ಅದನ್ನು ಜ್ವರಕ್ಕೆ ಕೊಡ್ತಿದ್ರು ಅಂತ ಪುತ್ತೂರಿನಲ್ಲಿ ನಮ್ಮ ಡಾಕ್ಟ್ರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸ್ವಲ್ಪ ಆದ್ರೂ ಗುಣ ಉಂಟು. ಅದನ್ನು ಸೋಸಿ, ಕ್ವಿನೈನಿನ ಬಾಟ್ಲಿಗೆ ಹೊಯ್ದು, ಅಳತೆಯ ಗುರುತಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ, "ದಿನಕ್ಕೆ ಮೂರು ಗುರುತು" ಅಂತ ಹೇಳಿ ಕೊಟ್ಟೆ. ಕ್ವಿನೈನ್ ಅಂತಲೇ ಹೇಳಿದೆ. ಹೌದು, ಸುಳ್ಳು. ಕಹಿ ಇದ್ರೆ ಸಾಕು ಅವರಿಗೆ. ಮುಖ ಹಿಂಡಿಕೊಂಡು, "ಹಾ, ಇದು ಮದ್ದು!" ಅಂತ ಹೋಗ್ತಿದ್ರು. ಅರ್ಧ ಜನಕ್ಕೆ ಕಡಿಮೆಯೂ ಆಯ್ತು ಮಾರಾಯ! ಅದು ಕೆತ್ತೆಯ ಗುಣವಾ, ನಂಬಿಕೆಯ ಗುಣವಾ, ದೇವರಿಗೇ ಗೊತ್ತು.

ಆ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ. ನನಗೆ ಮತ್ತು ಕೆತ್ತೆ ತಂದು ಕೊಡ್ತಿದ್ದ ನಿನಗೆ. ಶೇಂದಿ ತೆಗೆಯುದನ್ನು ಸರ್ಕಾರ ನಿಲ್ಲಿಸಿದ ಮೇಲೆ ನಿನಗೂ ಬೇರೆ ಕೆಲಸ ಇರಲಿಲ್ಲ. ಮರ ಅಂದ್ರೆ ನಿನಗೆ ಗೊತ್ತಿದ್ದಷ್ಟು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟೂ ದಿನ ನೀನು ಬಾಯಿ ಬಿಡಲಿಲ್ಲ. ಅದಕ್ಕೆ... ಹಾ, ಅದಕ್ಕೆ ನನಗೆ ನಿನ್ನ ಮೇಲೆ ಗೌರವವೇ.

ಆಮೇಲೆ ಹೈದರನಿಗೂ ಚಳಿ ಬಂತು. ಬಾಟ್ಲಿ ಕೊಟ್ಟೆ. ಹೋದ.

...ಎಂತ? ಎಂತ ಅಂತ ಹೇಳು ಮಾರಾಯ! ಸುಮ್ಮನೆ ಮುಖ ನೋಡಿದ್ರೆ? ಆ ಕೆತ್ತೆ ನಿನ್ನದೇ ಅಲ್ವಾ? ಅಲ್ಲದೆ ಮತ್ತೆ ಯಾರದ್ದು?

ನೀರು ಬೇಕಾ? ನನಗೆ ಬೇಕು.

...ಇಲ್ಲ. ಸರಿ. ಇಲ್ಲ. ನೀನು ಕೊಡುದು ನಿಲ್ಲಿಸಿದ್ದಿ. ಮರೆತೇಬಿಟ್ಟಿದ್ದೆ. ಹನ್ನೊಂದು ವರ್ಷ ಅಲ್ವಾ, ಮರೀತದೆ. "ಆಟಿ ಕಳೀತು, ಸೋಣ ತಿಂಗಳು ಬಂತು, ಇನ್ನು ಪಾಲೆಯನ್ನು ಮುಟ್ಟಬಾರದು. ಮೈಯೆಲ್ಲ ಸುಲಿದಾಗಿದೆ, ಮರ ಸಾಯ್ತದೆ" ಅಂತ ನೀನು ಹೇಳಿದ್ದಿ, ಇಲ್ಲೇ, ಈ ಬಾಗಿಲಿನಲ್ಲಿ ನಿಂತು. ನಾನು ಎಂತ ಹೇಳಿದೆ? ನೆನಪುಂಟಾ? "ಜನ ಸಾಯುವಾಗ ಮರದ ಲೆಕ್ಕವಾ?" ಅಂತ ಬೊಬ್ಬೆ ಹೊಡೆದೆ. ನೀನು ಹೀಗೇ ನೋಡಿದ್ದಿ. ಹೀಗೇ!

ಆಮೇಲೆ ನಾನೇ ಹೋದೆ.

ಹೌದು, ನಾನೇ. ಆಯ್ತಲ್ಲ? ಕೇಳಿಸಿತಲ್ಲ? ಮೆಲ್ಲ ಹೇಳ್ತೇನೆ, ಜಗಲಿಯಲ್ಲಿ ಜನ ಉಂಟು. ಬೆಳಕು ಹರಿಯುವ ಮೊದಲು ಹೋದೆ. ನಾನು ಪುತ್ತೂರಿನಲ್ಲಿ ಇಂಗ್ಲಿಷ್ ಮದ್ದು ಕಲಿತವ, ಈ ಕಲ್ಲು, ಕತ್ತಲೆ ಎಲ್ಲ ಅಜ್ಜಿಕತೆ ಅಂತ ಹಾಸ್ಯ ಮಾಡ್ತಿದ್ದವ... ಆದ್ರೂ ದೀಪ ಹಿಡಿಯಲಿಲ್ಲ. ಹಿರಿಯರ ಮೇಲಿನ ಭಕ್ತಿಯಾ? ಎಂತ ಭಕ್ತಿ! ಯಾರಾದ್ರೂ ನೋಡಿದ್ರೆ ಕ್ವಿನೈನಿನ ಬಣ್ಣ ಬಯಲಾಗ್ತದೆ ಅಂತ ಹೆದರಿಕೆ. ತಡವಿ ತಡವಿ ಮರ ಹಿಡಿದೆ. ಕಲ್ಲಿನಲ್ಲಿ ಕುಟ್ಟಿದೆ. ಹಾಲು ಬರಬೇಕು, ಅಲ್ವಾ? ಪಾಲೆಯಾದ್ರೆ ಹಾಲು ಬರಬೇಕು, ಬೆರಳಿಗೆ ಅಂಟಬೇಕು. ನಿನ್ನ ಸೀತುವಿಗೆ ಕೂಡ ಗೊತ್ತಿದ್ದ ಸಂಗತಿ ಅದು. ಮಳೆ ಹನಿಯುತ್ತಿತ್ತು. ಕೈ ಎಲ್ಲ ಒದ್ದೆ. ಒದ್ದೆ ಆದದ್ದನ್ನೇ ಹಾಲು ಅಂತ ಮಾಡಿದೆ. ಹಾಗೇ ಆಗಲಿ ಅಂತ ಮನಸ್ಸಿತ್ತು, ಹಾಗೇ ಮಾಡಿದೆ.

ನಗುವ ಸಂಗತಿ ಕೇಳು! ಆ ಕಾಸರ್ಕದ ಬೀಜದ ಟಿಂಚರು ಈ ಅಂಗಡಿಯಲ್ಲಿ ಇತ್ತು. ನಕ್ಸ್ ವೋಮಿಕ. ಹಸಿವೆ ಆಗದವರಿಗೆ ಹನಿ ಲೆಕ್ಕದಲ್ಲಿ ಕೊಡ್ತಿದ್ದೆ. ಎರಡು ಹನಿ ಹೆಚ್ಚಾದ್ರೆ ಎಂತ ಆಗ್ತದೆ ಅಂತ ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದವ ನಾನು. ಬಾಟ್ಲಿಯಲ್ಲಿದ್ರೆ ಗೊತ್ತು, ಮರದಲ್ಲಿದ್ರೆ ಗೊತ್ತಿಲ್ಲ! ಕಷಾಯ ಮಾಡಿ ನಾಲಗೆಗೆ ಹಚ್ಚಿ ನೋಡಿದೆ ಕೂಡ. ಕಹಿ ಅಂದ್ರೆ ಕಹಿ. ಖುಷಿಯಾಯ್ತು ನನಗೆ! ಈ ಸಲದ್ದು ಗಟ್ಟಿ ಉಂಟು, ಒಂದೇ ದಿನದಲ್ಲಿ ಜ್ವರ ಬಿಡ್ತದೆ ಅಂತ ಮಾಡಿದೆ.

ಮೊದಲ ಬಾಟ್ಲಿ ಹೈದರನಿಗೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ. ಆಲಂಕಾರಿಗೆ ಹೋಗ್ಲಿಕ್ಕಿತ್ತು ಅವನಿಗೆ, ಇವತ್ತು ನಿಮ್ಮ ಪೆಟ್ಟಿಗೆ ಬಂದೇ ಬರ್ತದೆ ಅಂತ. ಇಲ್ಲೇ ನಿಂತು ಒಂದು ಗುರುತಿನಷ್ಟು ಕುಡಿದ. "ಅಲ್ಲಾ, ಇದೆಂತ ಕಹಿ ಮಾರಾಯ್ರೆ! ನಾನು ನಿಮಗೆ ಸಾಲ ಎಂತಾದ್ರೂ ಬಾಕಿ ಇಟ್ಟಿದ್ದೇನಾ?" ಅಂತ ನಕ್ಕ. ಎರಡನೇ ಗುರುತನ್ನೂ ಕುಡಿದ, ಜ್ವರ ಬೇಗ ಬಿಡಲಿ ಅಂತ. ನಾನು ಬೇಡ ಅನ್ನಲಿಲ್ಲ. ಕುಡಿ, ಒಳ್ಳೆದು ಅಂದೆ.

ಅವನ ಹೆಂಡತಿ ಲೈಲಾ ಓಡಿಕೊಂಡು ಬಂದಳು, ಎಂಟು ತಿಂಗಳ ಬಸುರಿ. ಹೋಗಿ ನೋಡ್ತೇನೆ... ದವಡೆ ಕಚ್ಚಿಕೊಂಡಿದೆ. ಬೆನ್ನು ಬಿಲ್ಲಿನ ಹಾಗೆ ಎದ್ದಿದೆ. ಮುಟ್ಟಿದ್ರೆ ಎಳೀತದೆ, ಬಾಗಿಲು ಕಿರ್ ಅಂದ್ರೆ ಎಳೀತದೆ. ಬುದ್ಧಿ ಮಾತ್ರ ಸರಿ ಉಂಟು! ಅದೇ ಅದರ ಗುಣ, ಪುಸ್ತಕದಲ್ಲಿ ಹಾಗೇ ಬರೆದದ್ದು. ನನ್ನನ್ನೇ ನೋಡ್ತಿದ್ದ. ಮಾತಾಡ್ಲಿಕ್ಕೆ ಆಗುದಿಲ್ಲ, ನೋಡ್ಲಿಕ್ಕೆ ಆಗ್ತದೆ. ಬಾಗಿಲಿನಲ್ಲಿ ನಿಂತಾಗಲೇ ನನಗೆ ಗೊತ್ತಾಯ್ತು. ಒಂದು ಗಳಿಗೆ ಸಾಕಾಯ್ತು. ಮಸೀದಿಯ ಮಧ್ಯಾಹ್ನದ ಬಾಂಗಿಗೆ ಮುಗೀತು.

ಓಡಿ ಬಂದು ಉಳಿದ ಕಷಾಯವನ್ನು ಚೆಲ್ಲಿದೆ. ಅವನ ಬಾಟ್ಲಿಯನ್ನೂ ಕೇಳಿ ತಂದೆ, ತೊಳೆದೆ, ಒಡೆದೆ. ಪೊಲೀಸು ಬೇಡ ಅಂತ ಪಟೇಲ್ರಿಗೆ ಕೈ ಮುಗಿದದ್ದು ಯಾಕೆ ಅಂತ ಈಗ ನಿನಗೆ ಗೊತ್ತಾಯ್ತಲ್ಲ. ನಿನ್ನನ್ನು ಉಳಿಸ್ಲಿಕ್ಕಲ್ಲ.

ಮಗಳು ನರಳಿದಳಾ? ಕೇಳಿತಾ? ಅಚ್ಚುತಾ, ದಮ್ಮಯ್ಯ, ಮೊದಲು ಆ ಮಾತ್ರೆ ಕೊಡು. ಮಾತು ಮತ್ತೆ ಆಡುವ. ನಂಬಿಕೆ ಇಲ್ವಾ? ನೋಡು, ಇದೇ ಡಬ್ಬಿಯದ್ದು, ನಾನು ನುಂಗ್ತೇನೆ. ಇಗೋ... ನುಂಗಿದೆ. ಬಾಯಿ ನೋಡು. ಈಗ ತಗೋ.

...ಅದಕ್ಕೂ ಇಲ್ಲ.

ಪಟೇಲ್ರ ಚಾವಡಿಯಲ್ಲಿ ಮೊದಲು ನಿನ್ನ ಹೆಸರು ಎತ್ತಿದ್ದು ನಾನಲ್ಲ! ಪಟೇಲ್ರು ಹಳೆ ಮನುಷ್ಯರು, ಸತ್ತ ರೀತಿ ಕೇಳಿ "ಇದು ಕಾಸರ್ಕ" ಅಂದ್ರು. "ಕೆತ್ತೆ ಯಾರು ತಂದದ್ದು?" ಅಂತ ಕೇಳಿದ್ರು. ನಾನು... ನಾನು ಹೇಳಿದ್ದು ಇಷ್ಟೇ, "ಈ ಊರಿಗೆ ಕೆತ್ತೆ ತರುದು ಯಾರು ಅಂತ ಎಲ್ಲರಿಗೂ ಗೊತ್ತುಂಟಲ್ಲ." ಹೆಸರು ಹೇಳಿದ್ದಲ್ಲ. ನನ್ನದು ಕ್ವಿನೈನ್ ಮಿಕ್ಸ್ಚರು, ಕಂಪೆನಿ ಮದ್ದು, ಅದರಿಂದ ಹೀಗಾಗ್ಲಿಕ್ಕೆ ಇಲ್ಲ ಅಂದೆ. ಹೈದರ್ ಹೊರಗೆ ಎಲ್ಲೋ ಕಷಾಯ ಕುಡಿದಿರಬೇಕು ಅಂದೆ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನೀನು ಅಂಗಳದಲ್ಲಿ ನಿಂತಿದ್ದಿ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು! "ನಾನು ಕೊಡುದು ನಿಲ್ಲಿಸಿ ಹತ್ತು ದಿನ ಆಯ್ತು" ಅಂತ. ಯಾಕೆ ಹೇಳಲಿಲ್ಲ? ಹೆದರಿದೆಯಾ? ನಿನ್ನ ಮಾತು ಯಾರೂ ನಂಬುದಿಲ್ಲ ಅಂತ ಮಾಡಿದೆಯಾ? ಆವತ್ತು ನನಗೆ ಸಮಾಧಾನ ಆಯ್ತು ನೋಡು. ಆವತ್ತು ಒಂದು ದಿನ. ಆಮೇಲೆ ಇಲ್ಲ.

ಯಾಕೆ ಇಲ್ಲ ಅಂತ ಹೇಳ್ತೇನೆ. ಇದನ್ನು ನಾನು ನನ್ನ ಹೆಂಡತಿಗೂ ಹೇಳಿದವನಲ್ಲ. ಹೈದರ್ ಸತ್ತ ಮಾರನೇ ದಿನ ಆ ಮರದ ಹತ್ತಿರ ಹೋದೆ. ಹಗಲಿನಲ್ಲಿ ನೋಡಿದ್ರೆ ಮಕ್ಕಳಿಗೂ ಗೊತ್ತಾಗ್ತದಲ್ಲ, ಕಾಸರ್ಕದ ಮೈಯಲ್ಲಿ ಹಸಿ ಗಾಯ! ಅದೂ ನೆಲದಿಂದ ಎದೆ ಎತ್ತರಕ್ಕೆ. ನೀನು ಯಾವತ್ತೂ ಹತ್ತಿ, ಮೇಲಿಂದ ತೆಗೆಯುವವ. ಕೆಳಗೆ ನಿಂತು ಕುಟ್ಟುವವ ಮರ ಹತ್ತಲಿಕ್ಕೆ ಬಾರದವ. ಯಾರಾದ್ರೂ ನೋಡಿದ್ರೆ ನನ್ನ ಕತೆ ಮುಗೀತು. ಗಾಯ ಮುಚ್ಚುವ ಅಂತ ಹೋದೆ. ಹೋಗಿ ನೋಡಿದ್ರೆ... ಮುಚ್ಚಿ ಆಗಿದೆ! ಕೆಂಪು ಮಣ್ಣು ಕಲಸಿ, ನಯವಾಗಿ, ಗಾಯ ಇದ್ದದ್ದೇ ಗೊತ್ತಾಗದ ಹಾಗೆ ಮೆತ್ತಿ, ಮೇಲಿಂದ ಪಾಚಿ ಅಂಟಿಸಿದ್ದಾರೆ. ಯಾರಿಗೋ ಗೊತ್ತುಂಟು. ಗೊತ್ತಿದ್ದವ ಊರಲ್ಲೇ ಇದ್ದಾನೆ, ನನ್ನನ್ನು ನೋಡ್ತಾ ಇದ್ದಾನೆ.

ಹನ್ನೊಂದು ವರ್ಷ ನನಗೆ ಇದೇ. ಈ ಮೇಜಿನ ಆಚೆ ಯಾರು ಬಂದು ನಿಂತ್ರೂ ಇವನಾ ಅಂತ ನೋಡ್ತೇನೆ. ಯಾರಾದ್ರೂ ಜೋರಾಗಿ ನಕ್ರೆ ಹಲ್ಲು ಕಾಣ್ತದಲ್ಲ, ನನಗೆ ಹೈದರನ ದವಡೆ ಕಾಣ್ತದೆ. ಆಟಿ ಬಂದ್ರೆ ಬೆಳಗಿನ ಜಾವ ಕಲ್ಲು ಕುಟ್ಟುವ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ತೇನೆ. ಎಲ್ಲಕ್ಕಿಂತ ಲೈಲಾ. ವಾರಕ್ಕೊಮ್ಮೆ ಬರ್ತಾಳೆ, ಮಗಳ ಕೆಮ್ಮಿಗೆ. "ನೀವು ಅವತ್ತು ಓಡಿಕೊಂಡು ಬಂದ್ರಿ ಅಣ್ಣಾ, ಆ ಅಚ್ಚುತ ಹಾಳಾಗಿ ಹೋಗ್ಲಿ" ಅಂತಾಳೆ. ನಾನು ತಲೆ ಆಡಿಸ್ತೇನೆ. ಆಡಿಸಿ ಮದ್ದು ಕೊಡ್ತೇನೆ. ಇದಕ್ಕಿಂತ ಪೊಲೀಸೇ ಒಳ್ಳೆದಿತ್ತು ಅಚ್ಚುತಾ, ಸತ್ಯವಾಗಿಯೂ.

ಯಾಕೆ ತಲೆ ತಗ್ಗಿಸಿದೆ?

ಆ ಮಣ್ಣು...

ಅಚ್ಚುತಾ. ಇಲ್ಲಿ ನೋಡು. ಆ ಮಣ್ಣು ಮೆತ್ತಿದ್ದು ನೀನಾ?

...ಅಯ್ಯಯ್ಯೋ. ನೀನೇ. ಮರದ ಗಾಯಕ್ಕೆ ಹಾಗೆ ಮಣ್ಣು ಮೆತ್ತಲಿಕ್ಕೆ ಈ ಊರಿನಲ್ಲಿ ಬೇರೆ ಯಾರಿಗೆ ಬರ್ತದೆ! ನನಗೆ ಯಾಕೆ ಹೊಳೀಲಿಲ್ಲ? ಅಂದ್ರೆ ಚಾವಡಿಗೆ ಬರುವಾಗಲೇ ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಿಂತೆ. ಗೊತ್ತಿದ್ದೂ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಯಾರೂ ನಿನ್ನ ಕೈಯ ನೀರು ಕುಡಿಯಲಿಲ್ಲ, ಸುಳ್ಯದ ದಾರಿಯವರೆಗೆ ಮಕ್ಕಳು ಕಲ್ಲು ಬಿಸಾಡಿಕೊಂಡು ಬಂದವು... ಯಾಕೆ ಮಾರಾಯ? ನನಗಾಗಿಯಾ?

...ಅಲ್ಲ. ಆ ಜಗಲಿಯವರಿಗಾಗಿ. ಅಲ್ವಾ? ಈ ಅಂಗಡಿ ಮುಚ್ಚಿದ್ರೆ ಅವರಿಗೆ ಹತ್ತು ಮೈಲಿಗೆ ಬೇರೆ ಮದ್ದಿಲ್ಲ. "ಕಂಪೌಂಡರು ಬೇಕೂಂತ ಮಾಡಿದ್ದಲ್ಲ. ಮದ್ದು ಇಲ್ಲದ್ದಕ್ಕೆ ಮಾಡಿದ್ದು, ಒಂದು ಪೊಟ್ಟಣ ಇದ್ರೂ ಮಾಡ್ತಿರಲಿಲ್ಲ" ಅಂತ ನಿನ್ನ ಮನಸ್ಸು. ಹಾಗೇ ನಂಬಿಕೊಂಡು ಹೋದದ್ದು ನೀನು, ಅಲ್ವಾ?

ಎಂತ ನೋಡ್ತೀ? ನನ್ನ ತಲೆಯ ಮೇಲೆ ಎಂತ ನೋಡ್ತೀ? ಆ ಗೋಡೆ...

ಬೇಡ. ಅಲ್ಲಿ ನೋಡಬೇಡ.

ಅದೂ ಗೊತ್ತುಂಟಾ ನಿನಗೆ? ಯಾರು ಹೇಳಿದ್ದು? ಅದಕ್ಕೇ ಕೈ ನೀಡದ್ದಾ? ಗೊತ್ತಿದ್ದೇ ಕೂತಿದ್ದೀಯಲ್ಲ ಇಷ್ಟು ಹೊತ್ತು, ನಾನಾಗಿ ಹೇಳಲಿ ಅಂತ! ಆಯ್ತು, ಹೇಳ್ತೇನೆ. ಅಲ್ಲೇ ಇತ್ತು. ಆ ಕಪಾಟಿನ ಮೇಲೆ, ಬಿಸ್ಕೆಟಿನ ಡಬ್ಬಿ. ಒಳಗೆ ಹನ್ನೆರಡು ಪೊಟ್ಟಣ. ಒಳ್ಳೆ ಕ್ವಿನೈನ್, ಸರ್ಕಾರದ್ದು. ಜೂನಿನಲ್ಲೇ ಎತ್ತಿಟ್ಟದ್ದು. ಹೈದರನೇ ಹೊತ್ತು ತಂದದ್ದು! ಅವ ಇಲ್ಲಿ ನಿಂತು ನಕ್ಕು ನಕ್ಕು ಆ ಕಷಾಯ ಕುಡಿಯುವಾಗ ಅದು ಅವನ ಕಣ್ಣೆದುರೇ ಇತ್ತು. ಯಾರಿಗೆ ಇಟ್ಟದ್ದು ಅಂತ ಕೇಳಬೇಡ. ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ನನಗೆ! ನನಗೆ ಬಂದ್ರೆ ಅಂತ. ಕಂಪೌಂಡರು ಮಲಗಿದ್ರೆ ಊರು ನೋಡುದು ಯಾರು ಅಂತ ನನಗೆ ನಾನೇ ಹೇಳಿಕೊಂಡೆ. ನನಗೆ ಜ್ವರ ಬರಲೇ ಇಲ್ಲ. ಅವ ಸತ್ತ ಮೇಲೆ ಯಾರಿಗಾದ್ರೂ ಕೊಡ್ಲಿಕ್ಕೂ ಧೈರ್ಯ ಬರಲಿಲ್ಲ, ಎಲ್ಲಿಂದ ಬಂತು ಅಂತ ಕೇಳಿದ್ರೆ? ಹನ್ನೆರಡನ್ನೂ ತಕ್ಕೊಂಡು ಹೋಗಿ ಕುಮಾರಧಾರೆಗೆ ಹಾಕಿದೆ. ಹೊರಗೆ ಜನ ನಡುಗುತ್ತಾ ಇದ್ದ ಹಾಗೆಯೇ.

...

ಅಚ್ಚುತಾ?

ಯಾಕೆ ಎದ್ದೆ? ಯಾಕೆ ಹಾಗೆ... ನೀನು ಆ ಗೋಡೆಯಲ್ಲಿ ನೋಡಿದ್ದು...

ಗಡಿಯಾರವಾ? ಪುತ್ತೂರಿನ ಬಸ್ಸಿನ ಹೊತ್ತಾ?

ಅಯ್ಯೋ ದೇವರೇ. ನಿನಗೆ ಇದು ಗೊತ್ತಿರಲಿಲ್ಲ.

ನಿಲ್ಲು. ನಿಲ್ಲು ಮಾರಾಯ, ಮಾತ್ರೆ! ಮೇಜಿನಲ್ಲೇ ಉಂಟು! ನನ್ನ ಮೇಲಿನ ಸಿಟ್ಟನ್ನು ಆ ಹೆಣ್ಣಿನ ಮೇಲೆ ತೀರಿಸಬೇಡ, ಅವಳು ಎಂತ ಮಾಡಿದ್ದಾಳೆ? ಎಬ್ಬಿಸಬೇಡ ಅವಳನ್ನು, ನಡೀಲಿಕ್ಕೆ ಆಗುದಿಲ್ಲ ಅವಳಿಗೆ... ಪುತ್ತೂರಿಗೆ ಮೂರು ಗಂಟೆಯ ದಾರಿ! ಅಷ್ಟು ಹೊತ್ತಿಗೆ ಇನ್ನೊಂದು ಸಲ ನಡುಕ ಬರ್ತದೆ! ಅಚ್ಚುತಾ! ಒಂದು ಮಾತು ಹೇಳಿ ಹೋಗು! ಬೈದಾದ್ರೂ ಹೋಗು!

...ಬಸ್ಸಿಗೆ ಹತ್ತಿಸಿಯೇ ಬಿಟ್ಟ.

ಕಂಡಕ್ಟ್ರೇ! ಓ ಕಂಡಕ್ಟ್ರೇ, ಒಂದು ನಿಮಿಷ, ಬೆಲ್ಲು ಕೊಡಬೇಡಿ! ಇದನ್ನು ಹಿಡೀರಿ, ಮಾತ್ರೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದವನೊಟ್ಟಿಗೆ ಒಂದು ಹುಡುಗಿ ಉಂಟು ನೋಡಿ, ಅವಳಿಗೆ. ಮೊದಲು ನಾಲ್ಕು ಒಟ್ಟಿಗೆ, ಸಂಜೆಗೆ ಎರಡು, ಮತ್ತೆ ಎರಡು ದಿನ ಎರಡೆರಡು ಅಂತ ಹೇಳಿ. ಊರು ದಾಟಿದ ಮೇಲೆ ಕೊಡಿ, ಆಯ್ತಾ? ನಾನು ಕೊಟ್ಟದ್ದೂಂತ ಹೇಳಬೇಡಿ, ದಮ್ಮಯ್ಯ. ಯಾರು ಕೊಟ್ಟದ್ದು ಅಂತ ಕೇಳಿದ್ರೆ... ಯಾರ ಹೆಸರಾದ್ರೂ ಹೇಳಿ ಮಾರಾಯ್ರೆ. ಯಾರದಾದ್ರೂ ಆಗ್ತದೆ. ನನ್ನದು ಮಾತ್ರ ಬೇಡ.